ಹೆಣ್ಣಿನ ಫೋಟೋದಲ್ಲಿ ಬಿದ್ದ ಗ್ರೈನ್ಸ್

ಮಾವನ ಸ್ಟುಡಿಯೋದಲ್ಲಿ ಅದಕ್ಕೆ ಗ್ರೈನ್ಸ್ ಎನ್ನುತ್ತಿದ್ದರು. ಗಿರಾಕಿಗಳು ತಮಿಳಿನಲ್ಲಿ ಪುಳ್ಳಿ ಎನ್ನುತ್ತಿದ್ದರು, ಅಂದರೆ ಚುಕ್ಕೆ. ಕನ್ನಡದಲ್ಲಿ ಏನನ್ನಬೇಕೋ ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು, ಫೋಟೋ ಕೆಲಸದ ಮಾತೆಲ್ಲ ಇಂಗ್ಲಿಷು. ಕನ್ನಡದ ಅಕ್ಷರ ನಾನು ತಿದ್ದಿದ್ದು ಬಹಳ ತಡವಾಗಿ. ಕಪ್ಪು ಬಿಳುಪು ಫೋಟೋವನ್ನು ದೊಡ್ಡದು ಮಾಡಿದಾಗ ನುಣ್ಣಗಿರಬೇಕಾದ ಕಡೆ ರವೆ ಉದುರಿಸಿದ ಹಾಗೆ ಕಾಣುತ್ತದಲ್ಲ, ಅದೇ ಅದು. ಆ ರವೆಯಿಂದ ನನ್ನ ಮದುವೆಯ ಮಾತು ಒಂದು ಸಲ ಕೂಡಿತು, ಒಂದು ಸಲ ಮುರಿಯಿತು. ಜಾತಕ ಕೂಡದೆ ಮುರಿದ ಮದುವೆ ಎಲ್ಲರ ಮನೆಯಲ್ಲೂ ಇರುತ್ತದೆ. ಫಿಲ್ಮಿನ ದೆಸೆಯಿಂದ ಮುರಿದದ್ದು ನನ್ನದೊಂದೇ ಇರಬೇಕು.

ಮಾವ ಎಂದರೆ ಅವ್ವನ ಅಣ್ಣ. ಅಪ್ಪ ತೀರಿಹೋದ ಮೇಲೆ ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಸೇರಿದ್ದು ತಮಿಳುನಾಡಿನ ಕಂಬೈನಲ್ಲೂರಿನ ಅವನ ಮನೆಗೆ. ಬೀದಿಗೆ ಸ್ಟುಡಿಯೋ, ಹಿಂದೆ ಮನೆ. ಮೊದಲು ರಾಗಿ ತುಂಬಿಡುತ್ತಿದ್ದ ಕೋಣೆಯ ಕಿಟಕಿಗೆ ಕಂಬಳಿ ಹೊಡೆದು ಡಾರ್ಕ್‌ರೂಮ್ ಮಾಡಿದ್ದ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು, ಆಗ ನಾನು ಬೆಳೆದ ಹುಡುಗಿ. ಕಲರ್ ಬಂದಿತ್ತು, ಆದರೆ ಕಲರ್ ರೋಲನ್ನು ತೊಳೆಯಲು ಸೇಲಂಗೆ ಕಳಿಸಬೇಕು, ರೋಲ್ ಮುಗಿಯುವವರೆಗೂ ಕಾಯಬೇಕು. ಪರೀಕ್ಷೆಯ ಅರ್ಜಿಗೆ, ಬಸ್ ಪಾಸಿಗೆ, ಸಹಕಾರ ಸಂಘದ ಸಾಲಕ್ಕೆ ಬೇಕಾದ ಮುಖಗಳೆಲ್ಲ ಇನ್ನೂ ಕಪ್ಪು ಬಿಳುಪೇ. ಶಾಲೆ ಬಿಟ್ಟ ಮೇಲೆ ಆ ಕೋಣೆಯಲ್ಲಿ ನಾನೇ ಇರುತ್ತಿದ್ದೆ. ಬೇರೆ ಹೆಣ್ಣುಮಕ್ಕಳು ಪಾತ್ರೆ ತೊಳೆದರೆ ನಾನು ಮುಖ ತೊಳೆಯುತ್ತಿದ್ದೆ. ನನ್ನ ಬೆರಳಿಂದ ಫೋಟೋ ತೊಳೆಯುವ ಹೈಪೋ ನೀರಿನ ವಾಸನೆ ಹೋಗುವುದಿಲ್ಲ, ಈ ವಾಸನೆಗೆ ಯಾವ ಗಂಡು ಬಂದಾನು ಎಂದು ಅವ್ವ ಸೀಗೆಪುಡಿ ಹಿಡಿದುಕೊಂಡು ನನ್ನ ಹಿಂದೆ ಬೀಳುತ್ತಿದ್ದಳು.

ಗ್ರೈನ್ಸ್ ಹೇಗೆ ಬರುತ್ತದೆ ಎಂಬುದನ್ನು ಮಾವ ನನಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದ. ಫಿಲ್ಮಿನ ಮೇಲೆ ಅಂಟಿನಂಥ ತೆಳು ಪೊರೆ ಇರುತ್ತದೆ, ಅದರೊಳಗೆ ಬೆಳ್ಳಿಯ ಉಪ್ಪಿನ ಸಣ್ಣ ಹರಳುಗಳು. ಬೆಳಕು ತಾಗಿದ ಹರಳು ಡೆವಲಪರ್‌ನಲ್ಲಿ ಕಪ್ಪು ಬೆಳ್ಳಿಯಾಗಿ ನಿಲ್ಲುತ್ತದೆ, ತಾಗದ ಹರಳು ಹೈಪೋದಲ್ಲಿ ಕರಗಿ ಹೋಗುತ್ತದೆ. ಉಳಿದ ಕಪ್ಪು ಕಾಳುಗಳ ರಾಶಿಯೇ ಚಿತ್ರ. ಹರಳು ಸಣ್ಣದಿದ್ದರೆ ಚಿತ್ರ ನುಣ್ಣಗೆ ಬರುತ್ತದೆ, ಆದರೆ ಸಣ್ಣ ಹರಳಿಗೆ ಬೆಳಕು ಜಾಸ್ತಿ ಬೇಕು. ಮಬ್ಬಿನಲ್ಲೂ ಚಿತ್ರ ಹಿಡಿಯುವ ಸ್ಪೀಡ್ ಫಿಲ್ಮಿನ ಹರಳು ದಪ್ಪ. ಅದನ್ನು ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟರೆ, ಅಥವಾ ಡೆವಲಪರ್ ಬೆಚ್ಚಗಿದ್ದರೆ, ಕಾಳು ಇನ್ನೂ ಎದ್ದು ಕಾಣುತ್ತದೆ. ಆದರೂ ಎರಡು ಬೆರಳಗಲದ ನೆಗೆಟಿವ್‌ನಲ್ಲಿ ಕಣ್ಣಿಗೇನೂ ಬೀಳುವುದಿಲ್ಲ. ದೂರದ ಬೆಟ್ಟ ನುಣ್ಣಗೆ. ಅದನ್ನು ಅಂಗೈ ಅಗಲಕ್ಕೆ ಎಳೆದಾಗಲೇ ಬೆಟ್ಟದ ಕಲ್ಲು ಕಾಣುವುದು. ಮಾವನಿಗೆ ಗ್ರೈನ್ಸ್ ಕಂಡರೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಡೆವಲಪರ್ ಡಬ್ಬವನ್ನು ಮಣ್ಣಿನ ಗಡಿಗೆಯ ನೀರಿನಲ್ಲಿ ಇಳಿಬಿಟ್ಟು, ಬೆರಳದ್ದಿ ನೋಡಿ, ತಣ್ಣಗಾಗುವವರೆಗೆ ಬೀಡಿ ಸೇದುತ್ತ ಕಾಯುತ್ತಿದ್ದ.

ಅಷ್ಟು ಜಾಗ್ರತೆಯ ಮನುಷ್ಯ ನನ್ನ ಫೋಟೋ ದಿನವೇ ಎಡವಿದ. ಕೊಳತ್ತೂರಿನ ಕಡೆಗೆ ಕೊಟ್ಟಿದ್ದ ನಮ್ಮ ಸೋದರತ್ತೆ ಹೇಳದೆ ಕೇಳದೆ ಒಂದು ಮಧ್ಯಾಹ್ನ ಬಂದಿಳಿದಳು. ಅಲ್ಲಿ ಒಂದು ಮನೆ ಇದೆ, ಕುರಿ ಸಾಕುವವರು, ಮಳೆ ನಂಬಿದ ಹೊಲವೂ ಇದೆ, ಗಂಡು ಒಳ್ಳೆಯವನು, ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ, ಹೆಣ್ಣಿನ ಫೋಟೋ ಬೇಕು ಎಂದಳು. ಒಂದು ಮಾತನ್ನು ಮುಚ್ಚಿಡಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವುದು ಅವಳಿಗೆ ಆಗುತ್ತಿರಲಿಲ್ಲ.

"ಮೊಕದಾಗೆ ಅಮ್ಮನ ಗುರುತೈತೆ ಕಣವ್ವ," ಎಂದಳು ಅವ್ವನಿಗೆ. "ಮಗು ಇದ್ದಾಗ ದೊಡ್ಡಮ್ಮ ಬಂದು ಉಳ್ಕೊಂಡೋನು. ಅದ ನೋಡಿ ಎರಡ್ಮೂರು ಕಡೆ ಪೊಣ್ಣುಗಳು ಬ್ಯಾಡ ಅಂದ್ವು. ಬೇರೆ ಕೊರೆ ಏನೂ ಇಲ್ಲ."

ಹೆಣ್ಣನ್ನು ತಮಿಳಿನಂತೆ ಪೊಣ್ಣು ಎನ್ನುವ ನಮ್ಮಲ್ಲಿ ಸಿಡುಬನ್ನು ಸಿಡುಬು ಎನ್ನುವುದಿಲ್ಲ, ಅಮ್ಮ ಬಂದಳು ಎನ್ನುತ್ತೇವೆ. ಮೈಮೇಲೆ ಏಳುವ ಗುಳ್ಳೆಗಳು ಅವಳು ಇಟ್ಟ ಮುತ್ತುಗಳು. ಅವ್ವ ನನ್ನ ಕಡೆ ನೋಡಿದಳು. ದಿನಾ ಇಷ್ಟೊಂದು ಮುಖ ನೋಡುತ್ತೇನೆ, ಅದರಲ್ಲಿ ಇದೂ ಒಂದು ಎಂದುಕೊಂಡೆ.

ಮಾವ ಕ್ಯಾಮೆರಾ ಎತ್ತಿಕೊಂಡ ಹೊತ್ತಿಗೆ ಕರೆಂಟು ಹೋಯಿತು. ಸಂಜೆಯವರೆಗೂ ಬರಲಿಲ್ಲ. ಕ್ಯಾಮೆರಾದಲ್ಲಿ ಇದ್ದದ್ದು ಕಾರ್ಯವೊಂದಕ್ಕೆ ಹಾಕಿದ್ದ ಸ್ಪೀಡ್ ಫಿಲ್ಮು. ಹಿತ್ತಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಮುಳುಗುತ್ತಿದ್ದ ಬೆಳಕಿನಲ್ಲಿ ದೂರದಿಂದ ನಿಂತ ನಿಲುವಿಗೆ ತೆಗೆದ. ಬೆಳಕು ಸಾಲದು ಎಂದು ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟ. ಏಪ್ರಿಲ್ ತಿಂಗಳ ಬಿಸಿಲಿಗೆ ಗಡಿಗೆಯ ನೀರೂ ಬೆಚ್ಚಗಾಗಿತ್ತು, ತಣಿಯಲು ಕಾಯಲಿಲ್ಲ. ಕರೆಂಟು ಬಂದ ಮೇಲೆ ಅತ್ತೆ ಪ್ರಿಂಟ್ ನೋಡಿ, ಸೀರೆ ಯಾರಿಗೆ ಬೇಕು, ಮುಖ ಕಾಣಲಿ ಎಂದಳು. ಸಾಸಿವೆಯಷ್ಟಿದ್ದ ಮುಖವನ್ನು ಮಾವ ಪೋಸ್ಟ್‌ಕಾರ್ಡಿನಷ್ಟು ಮಾಡಿದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮಗೆಲ್ಲ ಹೇಳುತ್ತಿದ್ದವನು ಅವನೇ. ಹಣೆ, ಕೆನ್ನೆ, ಗಲ್ಲ, ಎಲ್ಲ ಕಡೆ ರವೆ. ಅವ್ವ ಮಾತ್ರ ನನ್ನ ಮಗಳು ಮಹಾಲಕ್ಷ್ಮಿ ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಫೋಟೋ ಕೊಡುವಾಗ ಅವ್ವ ಅದರ ಹಿಂದೆ ಅರಿಸಿನ ಹಚ್ಚಿದಳು. ನಮ್ಮ ಮನೆಗಳಲ್ಲಿ ಹೆಣ್ಣಿನ ಫೋಟೋ ಒಂದು ಸಲಕ್ಕೆ ಒಂದೇ ಮನೆಗೆ ಹೋಗಬೇಕು. ಬೇಡವಾದರೆ ಅವರು ತಿರುಗಿ ಕೊಡಬೇಕು, ಹೆಣ್ಣಿನ ಕಡೆಯವರು ಕೈಯಾರೆ ತೆಗೆದುಕೊಂಡರೆ ಆ ಮಾತು ಮುಗಿದ ಹಾಗೆ. ಅಲ್ಲಿಯವರೆಗೆ ಇನ್ನೊಂದು ಮನೆಯ ಸುದ್ದಿ ಎತ್ತುವಂತಿಲ್ಲ. ನೆಗೆಟಿವ್ ನನ್ನ ಹತ್ತಿರ ಇದೆ, ಬೇಕಾದರೆ ನೂರು ಪ್ರಿಂಟ್ ಹಾಕಿಕೊಡುತ್ತೇನೆ ಎಂದು ಮಾವ ನಕ್ಕ. "ಪ್ರಿಂಟು ಬೇರೆ, ಮಾತು ಬೇರೆ ಕಣಣ್ಣ," ಎಂದಳು ಅವ್ವ.

ಒಪ್ಪಿಗೆ ಬರಲು ತಡವಾಗಲಿಲ್ಲ. ಹೆಣ್ಣು ನೋಡುವುದೇನೂ ಬೇಡ, ಪಟ ನೋಡಿದ್ದೇವೆ, ವೀಳ್ಯ ಬದಲಾಯಿಸಲು ಬರುತ್ತೇವೆ ಎಂದು ಅತ್ತೆಯ ಕೈಲಿ ಹೇಳಿ ಕಳಿಸಿದರು. ಅವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನಗೂ ಒಳಗೊಳಗೇ ಜಂಬ ಬಂತು ಎನ್ನಬೇಕು. ಪಟ ನೋಡಿಯೇ ಒಪ್ಪಿದರೆಂದರೆ ಸಾಮಾನ್ಯವೇ.

ಬಂದವರಲ್ಲಿ ಗಂಡು, ಅವನ ಅಜ್ಜಿ, ಊರಿನ ಇಬ್ಬರು ಹಿರಿಯರು, ಜೊತೆಗೆ ನಮ್ಮ ಅತ್ತೆ. ಆ ದಿನ ಅವನು ನನಗೆ ಯಾರೂ ಅಲ್ಲ, ಆದ್ದರಿಂದ ಅವನು ಎಂದೇ ಬರೆಯುತ್ತೇನೆ. ಎತ್ತರದ ಆಳು, ಬಿಳಿ ಶರ್ಟು, ಮುಖದ ತುಂಬ ಗುರುತು. ನಾನು ಚಹಾದ ತಟ್ಟೆ ಹಿಡಿದು ಬಂದಾಗ ಒಂದು ಸಲ ನನ್ನನ್ನು ನೋಡಿದ. ನೋಡಿದವನೇ ಏನೋ ತಪ್ಪು ಮಾಡಿದವನಂತೆ ತಲೆ ತಗ್ಗಿಸಿಬಿಟ್ಟ. ನನಗೆ ಅರ್ಥವಾಗಲಿಲ್ಲ, ಸ್ವಲ್ಪ ಸಿಟ್ಟೂ ಬಂತು.

ಅಜ್ಜಿಗೆ ಕಣ್ಣು ಮಂಜು. ಹತ್ತಿರ ಕರೆದು ಕೂರಿಸಿಕೊಂಡು, ನನ್ನ ಕೆನ್ನೆಯ ಮೇಲೆ ಅಂಗೈ ಇಟ್ಟು ಸವರಿದಳು. ಈ ಕೆನ್ನೆ ಆಯಿತು, ಆ ಕೆನ್ನೆ ಆಯಿತು, ಹಣೆ ಆಯಿತು. ಏನೋ ಕಳೆದುಕೊಂಡವಳಂತೆ ಬೆರಳಾಡಿಸುತ್ತಲೇ ಇದ್ದಳು.

"ಎಲ್ಲವ್ವಾ? ಒಂದೂ ಕೈಗೆ ಸಿಗಾಕಿಲ್ವಲ್ಲ," ಎಂದಳು.

"ಏನಜ್ಜಿ?" ಎಂದಳು ಅವ್ವ.

"ಅಮ್ಮ ಇಟ್ಟ ಮುತ್ತು. ಪಟದಾಗೆ ಮೊಕದ ತುಂಬಾ ಐತೆ ಅಂತ ನಮ್ಮುಡ್ಗ ಅಂದ. ಇವ್ಳಿಗೂ ಅಮ್ಮ ಬಂದೋಗವ್ಳೆ ಅಜ್ಜಿ, ನಮ್ಮಂಗೇ ಅವ್ಳೆ ಅಂದ. ಅದ್ಕೇ ನಾನು ಮಾರಮ್ಮನ ಗುಡಿಗೋಗಿ ತಂಬಿಟ್ಟು ಇಕ್ಕಿ ಬಂದೆ. ತಾಯಿ ತಾನೇ ಗುರುತಾಕಿ ಇಟ್ಟಿದ್ದ ಪೊಣ್ಣು, ಇದ್ರಾಗೆ ನೋಡಾದೇನೈತೆ ಅಂದೆ."

ನಮ್ಮ ಅತ್ತೆ ಬಾಯಿ ಮೇಲೆ ಸೆರಗು ಹಿಡಿದಳು. ಅವರು ಅಷ್ಟು ಬೇಗ ಯಾಕೆ ಒಪ್ಪಿದರು ಎಂಬುದು ಅವಳಿಗೂ ಆಗಲೇ ಗೊತ್ತಾದದ್ದು. ಮುಖ ನೋಡಿ ಮಣೆ ಹಾಕುವುದನ್ನು ನಾನು ಕಂಡಿದ್ದೆ, ಇಲ್ಲದ ಕಲೆ ನೋಡಿ ಮಣೆ ಹಾಕಿದ್ದನ್ನು ಕಂಡಿರಲಿಲ್ಲ. ನನಗೆ ನಗು ಬಂತು. ಅಜ್ಜಿಯ ಕೈ ಇನ್ನೂ ನನ್ನ ಗಲ್ಲದ ಮೇಲೇ ಇತ್ತು. ಆಗ ಅವನು ತಲೆ ಎತ್ತದೆ, ಮೆಲ್ಲಗೆ, "ಕೈ ತಕ್ಕಾ ಅಜ್ಜಿ, ಅವ್ರಿಗೆ ಮುಜುಗರ ಆಯ್ತದೆ," ಎಂದ.

ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು.

ಮಾವನಿಗೆ ಮಾತ್ರ ಬೇರೆಯೇ ನೋವು. ಅವನ ಕೆಲಸದಲ್ಲಿ ಯಾರೋ ಹುಳುಕು ಹಿಡಿದ ಹಾಗಾಗಿತ್ತು. "ನಮ್ ಪೊಣ್ಣು ಮೊಕದಾಗೆ ಏನೂ ಇಲ್ಲ. ಅದು ಗ್ರೈನ್ಸು. ಒರು ನಿಮಿಷಂ, ಇರಿ," ಎಂದು ಎದ್ದು ಹೋಗಿ ನೆಗೆಟಿವ್ ಪಟ್ಟಿ, ಭೂತಗನ್ನಡಿ ಎರಡನ್ನೂ ತಂದ. ಹಿರಿಯರಿಗೆ ಬೆಳ್ಳಿ ಉಪ್ಪಿನ ಕಥೆ ಹೇಳತೊಡಗಿದ. ಅವರು ವೀಳ್ಯದ ತಟ್ಟೆ ನೋಡುತ್ತ ಹೂಂ ಹೂಂ ಎಂದರು. ಕೇಳಿಸಿಕೊಂಡವನು ಗಂಡು ಒಬ್ಬನೇ. ಭೂತಗನ್ನಡಿ ತೆಗೆದುಕೊಂಡು, ಬಾಗಿಲ ಬೆಳಕಿಗೆ ಪಟ್ಟಿ ಹಿಡಿದು ಬಹಳ ಹೊತ್ತು ನೋಡಿದ.

"ಬಿಸಿ ಆದ್ರೆ ಈ ಕಾಳು ಗುಂಪಾಯ್ತಾವೆ ಅಂದ್ರಲ್ಲ," ಎಂದು ಕೇಳಿದ.

"ಆಮಾ, ಹೌದು. ಡೆವಲಪರ್ ತಣ್ಣಗಿದ್ರೆ ಬಿಡಿಬಿಡಿ, ಬಿಸಿ ಆದ್ರೆ ಗುಂಪು."

"ಕುರಿನೂ ಅಂಗೇ. ಬೆಳಿಗ್ಗೆ ತಂಪೊತ್ತಾಗೆ ಬಯಲ ತುಂಬಾ ಚೆಲ್ಕೊಂಡು ಮೇಯ್ತಾವೆ. ಬಿಸ್ಲೇರಿದ್ರೆ ಒಂದರೊಟ್ಟೆ ಕೆಳಗೆ ಇನ್ನೊಂದು ತಲೆ ಇಕ್ಕೊಂಡು ಗುಡ್ಡೆ ಆಗಿ ನಿಂತ್ಕೊಂಬುಡ್ತಾವೆ. ದೂರಿಂದ ನೋಡಿದ್ರೆ ಕಪ್ಪು ಕಪ್ಪು ಗುಡ್ಡೆ, ಮಧ್ಯದಾಗೆ ಬರೀ ನೆಲ."

ಮಾವ ಬೀಡಿ ಕೈಯಲ್ಲೇ ಹಿಡಿದುಕೊಂಡು ಅವನನ್ನು ನೋಡಿದ. "ಅದೇ," ಎಂದ. "ಅದೇ ಕಣಪ್ಪ." ಹರಳುಗಳು ಕುರಿಯ ಹಾಗೆ ನಡೆದಾಡುವುದಿಲ್ಲ, ಪೊರೆಯಲ್ಲಿ ಒಂದರ ಕೆಳಗೊಂದು ಇರುವುದರಿಂದ ಗುಂಪಿನಂತೆ ಕಾಣುತ್ತವೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದುಕೊಂಡೆ. ಇರಲಿ. ಆ ಕ್ಷಣಕ್ಕೆ ಅವನು ಹೇಳಿದ್ದೇ ಸರಿ. ನನ್ನ ಕೆಲಸವನ್ನು ನನ್ನ ಅವ್ವನೂ ಅಷ್ಟು ಗಮನ ಕೊಟ್ಟು ಕೇಳಿರಲಿಲ್ಲ. ಇವನು ಕುರಿ ಮಂದೆಯ ಮಧ್ಯೆ ನಿಂತುಕೊಂಡು ನಮ್ಮ ಕತ್ತಲ ಕೋಣೆಯ ಒಳಗನ್ನು ನೋಡಿಬಿಟ್ಟಿದ್ದ. ಇವನೇ ಆಗಬೇಕು ಎಂದು ನನಗೆ ಆಗಲೇ ಅನ್ನಿಸಿತು. ಖಾಲಿ ತಟ್ಟೆ ಎತ್ತಿಕೊಂಡು ಎದ್ದು ಗೋಡೆಗೆ ಒರಗಿ ನಿಂತೆ.

ಅವನು ಪಟ್ಟಿಯನ್ನು ಜೋಪಾನವಾಗಿ ಮಾವನ ಕೈಗೆ ಕೊಟ್ಟು, ಹಿರಿಯರ ಕಡೆ ತಿರುಗಿದ. "ವೀಳ್ಯ ಎತ್ಕೊಳ್ಳಿ. ಓಗಾನ," ಎಂದ.

"ಯಾಕ್ಲಾ?" ಎಂದಳು ಅಜ್ಜಿ.

"ನನ್ನಂಗೇ ಅಂದ್ಕೊಂಡು ಒಪ್ಕೊಂಡೆ. ಅವ್ರು ಅಂಗಿಲ್ಲ. ಒಂದಿನ ಇಲ್ದಿದ್ರೆ ಒಂದಿನ ಅವ್ರಿಗೆ ನನ್ನ ನೋಡಿ ಅಯ್ಯೋ ಅನ್ನಿಸ್ತದೆ. ಅದು ಬ್ಯಾಡ. ತಪ್ಪು ಯಾರ್ದೂ ಅಲ್ಲ."

ಹೊರಡುವಾಗ ಅವ್ವ ಫೋಟೋ ಕೇಳಿದಳು. ಅವನ ಕೈ ಎದೆಯ ಕಡೆ ಹೋಗಿ ಕೆಳಗಿಳಿಯಿತು. "ಊರಾಗೈತೆ. ಕಳಿಸ್ಕೊಡ್ತೀನಿ," ಎಂದ. ಬಿಳಿ ಶರ್ಟಿನ ಜೇಬಿನೊಳಗೆ ಫೋಟೋದ ಅಂಚು ನನಗೆ ಚೆನ್ನಾಗಿ ಕಾಣುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಆಮೇಲಿನ ದಿನಗಳು ಉದ್ದವಾದವು. ಅವ್ವ ಮೊದಲು ಅತ್ತಳು, ಆಮೇಲೆ ಒಳ್ಳೆಯದೇ ಆಯಿತು ಎಂದಳು. ಧರ್ಮಪುರಿಯ ಕಡೆ ಒಬ್ಬ ಬಸ್ ಕಂಡಕ್ಟರ್ ಇದ್ದಾನೆ, ಹಳೆಯ ಫೋಟೋ ಬರಲಿ, ಬಂದ ಮಾರನೇ ದಿನವೇ ಅಲ್ಲಿಗೆ ಮಾತು ಎತ್ತುತ್ತೇನೆ ಎಂದು ಕೂತಳು. ಅಂಚೆಯವನು ಬೀದಿಗೆ ತಿರುಗಿದರೆ ಅವ್ವ ಹೊಸಲಿಗೆ ಬರುತ್ತಿದ್ದಳು, ನಾನು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ನನಗೆ ಅವನು ಬೇಕಿತ್ತು. ಅದನ್ನು ಯಾರ ಹತ್ತಿರ ಹೇಳಲಿ? ಅವನೇ ಬೇಡ ಎಂದು ಹೋದವನು. ಮಾವನ ಹತ್ತಿರ ಹೇಳಿದರೆ ಫಿಲ್ಮಿನ ಮೇಲೆ ತಪ್ಪು ಹಾಕುತ್ತಿದ್ದ, ಅವ್ವನ ಹತ್ತಿರ ಹೇಳಿದರೆ ನನ್ನ ಮೇಲೆ.

ಒಬ್ಬಳೇ ಇದ್ದಾಗ ನನ್ನ ನೆಗೆಟಿವ್ ಅನ್ನು ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರ್‌ನಲ್ಲಿ ಇಟ್ಟು, ಕಾಗದ ಹಾಕದೆ, ಬರೀ ಬೆಳಕು ಬಿಟ್ಟು ನೋಡುತ್ತಿದ್ದೆ. ನೆಗೆಟಿವ್‌ನಲ್ಲಿ ಬೆಳ್ಳಿ ಇರುವ ಕಡೆ ಬೆಳಕು ತಡೆಯುತ್ತದೆ, ಅಲ್ಲಿ ಕಾಗದ ಬೆಳ್ಳಗೇ ಉಳಿಯುತ್ತದೆ. ಕಾಳು ಕಾಳಿನ ಮಧ್ಯದ ಸಂದಿಯಲ್ಲಿ ನುಗ್ಗಿದ ಬೆಳಕೇ ಕಾಗದದ ಮೇಲೆ ಕಪ್ಪು ಚುಕ್ಕೆ. ಅಂದರೆ ನನ್ನ ಕೆನ್ನೆಯಲ್ಲಿ ಅವನು ಕಂಡ ಗುರುತು ಒಂದೊಂದೂ ಫಿಲ್ಮಿನಲ್ಲಿ ಏನೂ ಇಲ್ಲದ ಜಾಗ. ಏನೂ ಇಲ್ಲದ್ದನ್ನು ನೋಡಿ ಬಂದ, ಏನೂ ಇಲ್ಲವೆಂದು ಹೋದ. ಕೋಪವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ದೀಪ ಆರಿಸಿ ಹೊರಗೆ ಬರುತ್ತಿದ್ದೆ.

ಅಂಚೆಯಲ್ಲಿ ಏನೂ ಬರಲಿಲ್ಲ. ಒಂದು ಮಧ್ಯಾಹ್ನ ಅವನೇ ಬಂದ. ಮಾವ ಯಾವುದೋ ಗೃಹಪ್ರವೇಶಕ್ಕೆ ಫೋಟೋ ತೆಗೆಯಲು ಹೋಗಿದ್ದ, ಅವ್ವ ಒಳಗೆ ಅಡುಗೆ ಮಾಡುತ್ತಿದ್ದಳು. ಬಸ್ಸಿನ ಧೂಳೆಲ್ಲ ಮೈಮೇಲೆ. ಅಂಗಡಿಯ ಮೆಟ್ಟಿಲ ಮೇಲೇ ನಿಂತು, ನ್ಯೂಸ್ ಪೇಪರಿನಲ್ಲಿ ಸುತ್ತಿದ್ದ ಫೋಟೋ ಚಾಚಿದ.

"ತಗೊಳ್ಳಿ. ಕಳಿಸ್ಕೊಡಾನ ಅಂದ್ಕೊಂಡೆ. ಬಸ್ನಾಗೆ ಯಾರ್ ಕೈಲಾನ ಕೊಟ್ರೆ ಮಡಿಚಾಕ್ತಾರೆ."

ನಾನು ಕೈ ಚಾಚಲಿಲ್ಲ. "ತಗೊಳ್ಳಾಕಿಲ್ಲ," ಎಂದೆ.

"ಯಾಕೆ?"

"ತಗೊಂಡ್ರೆ ಮುಗ್ದೋಯ್ತದೆ."

ಅವನು ಕೈ ಹಾಗೇ ಹಿಡಿದುಕೊಂಡು ನಿಂತ. ಹೇಳಿದ ಮೇಲೆ ಹೇಳಿಯಾಯಿತು.

"ನನ್ ಮೊಕ ಸರ್ಯಾಗಿ ನೋಡಿದ್ದೀರಾ?" ಎಂದು ಕೇಳಿದ.

"ನೋಡಿದ್ದೀನಿ. ಮೊಕ ನೋಡೋದೇ ನನ್ ಕೆಲ್ಸ."

"ದಿನಾ ನೋಡ್ಬೇಕಾಯ್ತದೆ."

"ನೀವೂ ನಂದು ದಿನಾ ನೋಡ್ಬೇಕಾಯ್ತದೆ. ನುಣ್ಣಗೈತೆ ಅಂತ ನೀವು ಬೇಜಾರು ಮಾಡ್ಕೊಂಡ್ರೆ ನಾನೇನು ಮಾಡಾಕಾಯ್ತದೆ?"

ತುಟಿಯ ಒಂದು ಕೊನೆಯಲ್ಲಿ ನಗು ಬಂದು ಹೋಯಿತು. ಮೆಟ್ಟಿಲ ಮೇಲೆ ಕೂತ. ನನ್ನ ಕಡೆ ನೋಡದೆ, ಬೀದಿಯ ಕಡೆ ನೋಡಿಕೊಂಡು ಹೇಳಿದ.

"ಮನೇಲಿ ಎಲ್ರೂ ಉಂಡೆದ್ದ ಮ್ಯಾಲೆ ನಾನು ಉಣ್ಣೋದು. ಚಿಕ್ಕೋನಿದ್ದಾಗಿಂದ ಅಂಗೇ. ಕಾರ್ಯಕ್ಕೋದ್ರೂ ಪಂಕ್ತಿಯಾಗೆ ಕುಂದ್ರಾಕಿಲ್ಲ. ಉಣ್ಣೋವಾಗ ಎದುರಿಗಿರೋರು ಮೊಕ ನೋಡಿದ್ರೆ ಗಂಟ್ಲಾಗೆ ತುತ್ತು ಇಳಿಯಾಕಿಲ್ಲ. ಈ ಪಟ ನೋಡ್ದಾಗ ಒಂದೇ ಅಂದ್ಕೊಂಡಿದ್ದು, ಇವ್ಳ ಎದುರಿಗೆ ಕುಂತು ಉಣ್ಬೋದು ಅಂತ. ಬೇರೆ ಏನೂ ಅಂದ್ಕೊಂಡಿರ್ಲಿಲ್ಲ."

ಒಳಗೆ ಹೋಗಿ ತಟ್ಟೆಗೆ ಮುದ್ದೆ ಹಾಕಿ ಹುರುಳಿ ಸಾರು ಬಿಟ್ಟುಕೊಂಡೆ. ಅವ್ವ ಯಾರಿಗೆ ಎಂದು ಬಗ್ಗಿ ನೋಡಿ, ನೋಡಿದವಳೇ ನನ್ನ ರಟ್ಟೆ ಹಿಡಿದಳು. ಒಪ್ಪಿಗೆಯಾಗದ ಹೆಣ್ಣಿನ ಮನೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೈ ನೆನೆಸುವುದಿಲ್ಲ; ನೆನೆಸಿದರೆ ಮಾತು ಕೊಟ್ಟ ಹಾಗೆ.

"ಕೈ ನೆನೆಸ್ತಾನೇನೇ ಅವ್ನು?" ಎಂದಳು ಪಿಸುದನಿಯಲ್ಲಿ.

"ಗೊತ್ತಿಲ್ಲ ಬಿಡವ್ವ," ಎಂದೆ.

ಸ್ಟುಡಿಯೋದಲ್ಲಿ ಚಾಪೆ ಹಾಸಿ, ತಟ್ಟೆ ಇಟ್ಟು, ಒಂದು ಚೊಂಬು ನೀರು ತಂದಿಟ್ಟೆ. ಅವನು ಮೆಟ್ಟಿಲಿಂದ ತಟ್ಟೆಯನ್ನು ನೋಡಿದ, ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ನೋಡಿದ. ಫೋಟೋವನ್ನು ಜೇಬಿಗೆ ಹಾಕಿಕೊಂಡ. ಎದ್ದು ಚೊಂಬು ತೆಗೆದುಕೊಂಡು ಬೀದಿಯಂಚಿಗೆ ಹೋಗಿ ಕೈ ತೊಳೆದ, ಮುಖವನ್ನೂ ತೊಳೆದ. ಬಂದು ಚಾಪೆಯ ಮೇಲೆ ಕೂತ.

ನಾನು ಎದುರಿಗೆ ಕೂತೆ.

ಮೊದಲ ತುತ್ತುಗಳನ್ನು ತಲೆ ಬಗ್ಗಿಸಿಕೊಂಡೇ ನುಂಗಿದ. ನೀರು ಕುಡಿದ.  ಮತ್ತೆ ಮುದ್ದೆ ಮುರಿದ. ಮುದ್ದೆ ಅರ್ಧವಾದಾಗ, ಬಾಯಲ್ಲಿ ತುತ್ತು ಇರುವಾಗಲೇ, ತಲೆ ಎತ್ತಿದ. ನಾನು ನೋಡುತ್ತಲೇ ಇದ್ದೆ. ಅವನೂ ನೋಡಿದ. ತುತ್ತು ಗಂಟಲಲ್ಲಿ ಇಳಿದದ್ದು ನನಗೆ ಕಂಡಿತು.

"ಸಾರು ಇನ್ನೊಂಚೂರು ಇಕ್ಕು," ಎಂದ.